ಶುಲ್ಕಸೂಚಿಗಳ ಇಳಿಗಾಲ: ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯ ಆಕರಗಳ ನಿದರ್ಶನದೊಡನೆ

ಹಸ್ತಪ್ರತಿ ಮತ್ತು ಶಾಸನಗಳ ಶೋಧನೆಯಲ್ಲಿ ತೊಡಗಿದವರಿಗೆ ಮೊದಲು ಬೇಕಾಗುವುದು ಆಕರವು ಇರುವ ಎಡೆಯನ್ನು ತೋರಿಸುವ ಸೂಚಿ. ಎಚ್. ಡಿ. ವೇಲಣಕರರ ‘ಜಿನರತ್ನಕೋಶ’ವೂ (1944), ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯೂ (1948) ನಮ್ಮಲ್ಲಿ ಇಂದಿಗೂ ಕೈಬಿಡಲಾಗದ ಸಾಧನಗಳಾಗಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಇವುಗಳನ್ನು ಒಮ್ಮೆ ಬೆಲೆ ಕೊಟ್ಟು ಕೊಂಡರೆ ಮುಗಿಯಿತು. ಭಂಡಾರದ ಕಪಾಟಿನಲ್ಲಿ ಮೂರು ತಲೆಮಾರು ನಿಲ್ಲುತ್ತವೆ. ಕಳೆದ ಐವತ್ತು ವರ್ಷಗಳಲ್ಲಿ ಗಣಕಯಂತ್ರದ ಮೂಲಕ ಬಂದ ವಾಣಿಜ್ಯ ದತ್ತಸಂಚಯಗಳ ರೀತಿ ಬೇರೆ. ಸಂಸ್ಥೆಯು ವರ್ಷವರ್ಷವೂ ಚಂದಾ ತೆರಬೇಕು. ತೆರುವುದನ್ನು ನಿಲ್ಲಿಸಿದ ದಿನ, ಹಿಂದೆ ಹಣ ತೆತ್ತು ನೋಡಿದ ಪುಟಗಳೂ ಬಹುಮಟ್ಟಿಗೆ ಕಣ್ಮರೆಯಾಗುತ್ತವೆ.

ಈ ವ್ಯವಸ್ಥೆಗೆ ಈಗ ಇಳಿಗಾಲ ಬಂದಿದೆ. ಅಮೆರಿಕದ ವೈದ್ಯಕೀಯ ಸೂಚಿಯಾದ ಮೆಡ್‌ಲೈನ್ 1997ರಲ್ಲಿ ಪಬ್‌ಮೆಡ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಯಿತು. 2004ರಲ್ಲಿ ಗೂಗಲ್ ಸ್ಕಾಲರ್, 2022ರಲ್ಲಿ ಓಪನ್‌ಅಲೆಕ್ಸ್ ಬಂದವು. ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯವು ಹೆಸರಾಂತ ‘ವೆಬ್ ಆಫ್ ಸೈನ್ಸ್’ ಸೂಚಿಯ ಚಂದಾವನ್ನು 2024ರಿಂದ ಕೈಬಿಟ್ಟು ಓಪನ್‌ಅಲೆಕ್ಸಿನ ಕಡೆಗೆ ತಿರುಗಿತು. ಮಾರುವವರು ತಮ್ಮ ಹಿಡಿತವನ್ನು ಸಡಿಲಿಸಿದರೆಂದು ಇದರಿಂದ ತಿಳಿಯಬಾರದು. ಪ್ರೋಕ್ವೆಸ್ಟ್ ಸಂಚಯಗಳ ಒಡೆತನವುಳ್ಳ ಕ್ಲಾರಿವೇಟ್ ಸಂಸ್ಥೆಯು, ಒಮ್ಮೆ ಕೊಂಡು ಶಾಶ್ವತವಾಗಿ ಇಟ್ಟುಕೊಳ್ಳುವ ಪದ್ಧತಿಯನ್ನು ನಿಲ್ಲಿಸಿ ಚಂದಾ ಒಂದನ್ನೇ ಉಳಿಸುವುದಾಗಿ 2025ರ ಫೆಬ್ರವರಿಯಲ್ಲಿ ಸಾರಿತು.

ಇದೆಲ್ಲ ವಿಜ್ಞಾನಿಗಳ ಮಾತು, ನಮ್ಮ ಓಲೆಗರಿಗಳಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಚಿಕ್ಕದೇವರಾಜ ಒಡೆಯರ ಮಂತ್ರಿಯಾಗಿದ್ದ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತನು ಯಳಂದೂರಿನವನು. ಸಂಚಿಯ ಹೊನ್ನಮ್ಮನ ಊರೂ ಅದೇ. ನೆರೆಯ ಚಾಮರಾಜನಗರ ತಾಲ್ಲೂಕಿನಲ್ಲಿ ಮಲೆಯೂರಿನ ಕನಕಗಿರಿ, ‘ರಾಜಾವಳಿ ಕಥೆ’ಯ ದೇವಚಂದ್ರನ ನೆಲೆ. ಇಂತಹ ಸೀಮೆಯ ಆಕರಗಳನ್ನು ಅರಸುವವನು ಯಾವ ಸೂಚಿಯನ್ನು ತೆರೆಯಬೇಕು?

ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟವು (1898) ಯಳಂದೂರಿನ ಶಾಸನಗಳನ್ನು ಒಳಗೊಂಡಿದೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಈ ಊರು ಮೈಸೂರು ಸಂಸ್ಥಾನದೊಳಗೇ ಇದ್ದಿತು. ಕೆಲವೇ ಮೈಲಿ ದೂರದ ಕೊಳ್ಳೇಗಾಲವಾದರೋ 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ರೈಸರ ಸಂಪುಟಗಳಲ್ಲಿ ಆ ತಾಲ್ಲೂಕೇ ಇಲ್ಲ. ಆ ಕಾಲದ ವಿವರಗಳನ್ನು ಮದರಾಸಿನ ಶಾಸನಶಾಸ್ತ್ರ ವಾರ್ಷಿಕ ವರದಿಗಳಲ್ಲಿ ಹುಡುಕಬೇಕು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ನಾಲ್ಕನೆಯ ಸಂಪುಟದಲ್ಲಿ (1975) ಯಳಂದೂರೂ ಕೊಳ್ಳೇಗಾಲವೂ ಒಂದೆಡೆ ಕೂಡಿದವು. ಹನೂರು ಇತ್ತೀಚೆಗೆ ತಾಲ್ಲೂಕಾದ ಸ್ಥಳ. ಹಳೆಯ ಸೂಚಿಗಳಲ್ಲಿ ಅದರ ಹಳ್ಳಿಗಳೆಲ್ಲ ಕೊಳ್ಳೇಗಾಲದ ಕೆಳಗೇ ಬರುತ್ತವೆ. ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಆದುದರಿಂದ ಈಗಿನ ಜಿಲ್ಲೆಯ ಹೆಸರಿನಿಂದಲೋ ಹನೂರು ತಾಲ್ಲೂಕೆಂದೋ ಹುಡುಕುವವನಿಗೆ ಯಂತ್ರವು ಹಳೆಯ ಆಕರಗಳನ್ನು ತೋರಿಸಲಾರದು. ಸಾಲದುದಕ್ಕೆ ಆಂಗ್ಲರು ಕೊಳ್ಳೇಗಾಲದ ಹೆಸರಿನ ಮೊದಲ ಅಕ್ಷರವನ್ನು ಒಮ್ಮೆ ‘ಸಿ’ಯಿಂದಲೂ ಮತ್ತೊಮ್ಮೆ ‘ಕೆ’ಯಿಂದಲೂ ಬರೆದರು.

ಈ ಶಾಸನಸಂಪುಟಗಳ ಚರಿತ್ರೆಯೇ ನಮ್ಮ ವಿಷಯಕ್ಕೆ ತಕ್ಕ ದೃಷ್ಟಾಂತ. ಮುದ್ರಿತ ಪ್ರತಿಗಳು ದುರ್ಲಭವಾದಾಗ ಭಾರತೀಯ ಇತಿಹಾಸ ಅನುಸಂಧಾನ ಪರಿಷತ್ತು ಅವುಗಳನ್ನು ಗಣಕೀಕರಿಸಿ ಸಿ.ಡಿ.ಯಲ್ಲಿ ಮಾರಾಟಕ್ಕೆ ತಂದಿತು. ಅದು ಲಾಭದ ವ್ಯಾಪಾರವಾಗಿರಲಿಲ್ಲ. ಆದರೂ ಬೆಲೆಯುಳ್ಳ, ಕೊಂಡವನಿಗೆ ಮಾತ್ರ ದಕ್ಕುವ ವಸ್ತು. ಈಗ ಆ ಸಿ.ಡಿ.ಯನ್ನು ಓದುವ ಸಾಧನವೇ ಹೊಸ ಗಣಕಯಂತ್ರಗಳಲ್ಲಿ ಅಪೂರ್ವವಾಗಿದೆ. ಅದೇ ರೈಸರ ಸಂಪುಟಗಳ ಛಾಯಾಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ಹಾಗೆಯೇ ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟದವರು ನಡೆಸುವ ಜೈನ ಇ-ಲೈಬ್ರರಿಯಲ್ಲಿ ಸಾವಿರಾರು ಗ್ರಂಥಗಳಿವೆ. ಅವುಗಳಲ್ಲಿ ಪ್ರಾಕೃತ, ಸಂಸ್ಕೃತ, ಹಿಂದಿ, ಗುಜರಾತಿಗಳದೇ ಮೇಲುಗೈ. ಕೊಳ್ಳೇಗಾಲದ ಕಾಲೇಜಿನ ಅಧ್ಯಾಪಕರೊಬ್ಬರು ಮೈಸೂರಿಗೆ ಬಸ್ಸು ಹತ್ತದೆ ಇವನ್ನೆಲ್ಲ ನೋಡಬಹುದಾದುದು ಸಾಮಾನ್ಯ ಲಾಭವಲ್ಲ.

ಆದರೆ ದೊರೆಯುವುದು ಒಂದು, ತಿಳಿಯುವುದು ಇನ್ನೊಂದು. ಶುಲ್ಕಸೂಚಿಗಳು ಹಣ ಪಡೆದುದಕ್ಕೆ ಪ್ರತಿಯಾಗಿ ಮಾಡುತ್ತಿದ್ದ ಮುಖ್ಯ ಕೆಲಸವೆಂದರೆ, ವಿಷಯ ಬಲ್ಲವನೊಬ್ಬನಿಂದ ಪ್ರತಿ ಲೇಖನವನ್ನೂ ಓದಿಸಿ ಅದಕ್ಕೆ ಶೀರ್ಷಿಕೆ ಕಟ್ಟಿಸುವುದು. ಕುಂದಕುಂದ, ಕೊಂಡಕುಂದ, ಪದ್ಮನಂದಿ ಎಂಬ ಮೂರು ಹೆಸರುಗಳು ಒಬ್ಬ ಆಚಾರ್ಯರನ್ನೇ ಕುರಿತಿರಬಹುದು; ಪದ್ಮನಂದಿಯೆಂಬ ಒಂದೇ ಹೆಸರು ಹಲವು ಮುನಿಗಳದೂ ಆಗಬಹುದು. ಇದನ್ನು ಬಿಡಿಸಲು ಪಟ್ಟಾವಳಿ ತಿಳಿದ ಮನುಷ್ಯ ಬೇಕು. ಉಚಿತ ಸಂಚಯಗಳಲ್ಲಿ ಶೀರ್ಷಿಕೆ ತಪ್ಪಿದ, ಪುಟ ಬಿಟ್ಟುಹೋದ, ಸಂಪುಟದ ಸಂಖ್ಯೆಯೇ ಇಲ್ಲದ ಪ್ರತಿಗಳು ಹೇರಳವಾಗಿವೆ. ಹಳಗನ್ನಡದ ಱ, ೞಗಳನ್ನು ಯಂತ್ರವು ಮೇಲಿಂದ ಮೇಲೆ ತಪ್ಪಾಗಿ ಓದುವುದರಿಂದ ಪದಶೋಧನೆಯ ಫಲವನ್ನು ನೆಚ್ಚಿ ‘ಈ ಶಬ್ದಕ್ಕೆ ಪ್ರಯೋಗವಿಲ್ಲ’ ಎಂದು ಬರೆಯುವುದು ಸಾಹಸವೇ ಸರಿ. ಓಲೆಗರಿಯ ಚಿತ್ರವಂತೂ ಯಂತ್ರಕ್ಕೆ ಈಗಲೂ ಬಹುತೇಕ ಮೂಕವಸ್ತು. ಪ್ರತಿಯ ಗರಿಗಳೆಷ್ಟು, ಪುಟಕ್ಕೆ ಪಂಕ್ತಿಗಳೆಷ್ಟು, ಲಿಪಿಕಾರನ ಪುಷ್ಪಿಕೆಯಲ್ಲಿ ಯಾವ ಸಂವತ್ಸರವಿದೆ ಎಂಬುದನ್ನು ಯಾರಾದರೂ ಕುಳಿತು ಬರೆದಿದ್ದರೆ ಮಾತ್ರ ಅದು ಸೂಚಿಗೆ ಬರುತ್ತದೆ. ಈ ಕೆಲಸಕ್ಕೆ ವೇತನ ಕೊಡುತ್ತಿದ್ದವರು ಹಿಂದೆ ಸರಿದರೆ ಮುಂದೆ ಕೊಡುವವರಾರು? ಶುಲ್ಕಸೂಚಿಗಳು ಕನ್ನಡವನ್ನು ಎಂದೂ ಚೆನ್ನಾಗಿ ನೋಡಿಕೊಳ್ಳಲಿಲ್ಲವೆಂಬುದು ನಿಜ. ಅವುಗಳ ಅಳಿವಿಗಾಗಿ ನಾವು ಕಣ್ಣೀರಿಡಬೇಕಾಗಿಲ್ಲ. ಆದರೆ ಅವು ತೋರಿಸಿದ ಶಿಸ್ತು ಉಚಿತ ಸಂಚಯದಲ್ಲಿ ತಾನಾಗಿಯೇ ಹುಟ್ಟುವುದಿಲ್ಲ.

ಉಚಿತವೆಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದು ಪ್ರಸಿದ್ಧ. ಪಡೆದವರಿಗೆ ಅದು ಉಚಿತ. ಗರಿ, ಕಂಠ, ಲಿಪಿಕಾರನ ಊಟೋಪಚಾರ ಇವುಗಳ ವೆಚ್ಚ ಅತ್ತಿಮಬ್ಬೆಯದು. ಶಾಸ್ತ್ರದಾನದಲ್ಲಿ ಪ್ರತಿಯು ಸಾವಿರ ಕಡೆ ಚದುರಿದುದರಿಂದ ಒಂದು ಭಂಡಾರ ಸುಟ್ಟರೂ ಇನ್ನೊಂದು ಉಳಿಯುತ್ತಿತ್ತು. ಇಂದಿನ ಉಚಿತ ಸಂಚಯವೋ ಹೆಚ್ಚಾಗಿ ಒಂದೇ ಮನೆಯಲ್ಲಿ ಉರಿಯುವ ದೀಪ. ಸರ್ಕಾರದ ನೆರವಿನಿಂದ ಲಕ್ಷಗಟ್ಟಲೆ ಪುಸ್ತಕಗಳನ್ನು ಅಣಿಗೊಳಿಸಿದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಸುಮಾರು 2017ರಲ್ಲಿ ಅಂತರ್ಜಾಲದಿಂದ ಮರೆಯಾಯಿತು. ಸ್ವಯಂಸೇವಕರು ಅದರ ಬಹುಭಾಗವನ್ನು ಇಂಟರ್ನೆಟ್ ಆರ್ಕೈವ್‌ಗೆ ನಕಲು ಮಾಡಿದ್ದರಿಂದ ಅದು ನಮಗೆ ಉಳಿಯಿತು. ಆ ಆರ್ಕೈವ್ ಕೂಡ 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಗೆ ತುತ್ತಾಗಿ ಕೆಲವು ದಿನ ಮುಚ್ಚಿತ್ತು.

ಭಾರತ ಸರ್ಕಾರವು ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ 2024ರ ನವೆಂಬರ್ 25ರಂದು ಒಪ್ಪಿಗೆಯಿತ್ತು, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಮೀಸಲಿರಿಸಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು 6,300ಕ್ಕೂ ಮಿಕ್ಕ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಇದರಿಂದ ದೊರೆಯುತ್ತವೆ. ಮಠಗಳೂ ಖಾಸಗಿ ಸಂಶೋಧನ ಸಂಸ್ಥೆಗಳೂ ಈ ಎಣಿಕೆಯ ಹೊರಗಿವೆ. ಹೀಗಾಗಿ ನಮ್ಮಂತಹವರಿಗೆ ಉಚಿತ ಸಂಚಯವೇ ಗತಿ. ಅದನ್ನು ಬಳಸುವಾಗ ಕೆಲವು ಕ್ರಮಗಳನ್ನು ಪಾಲಿಸುವುದು ಯುಕ್ತ.

ಯಳಂದೂರು, ಕೊಳ್ಳೇಗಾಲ, ಹನೂರುಗಳ ಪ್ರತಿಯೊಂದು ಗ್ರಾಮಕ್ಕೂ ಹಳೆಯ ಜಿಲ್ಲೆ, ಹಳೆಯ ತಾಲ್ಲೂಕು, ಈಗಿನ ತಾಲ್ಲೂಕು, ಹೆಸರಿನ ಕನ್ನಡ ಮತ್ತು ರೋಮನ್ ರೂಪಭೇದಗಳು, ರೈಸರ ಸಂಖ್ಯೆ, ಪರಿಷ್ಕೃತ ಸಂಪುಟದ ಸಂಖ್ಯೆ, ಮದರಾಸು ವರದಿಯ ವರ್ಷ ಮತ್ತು ಸಂಖ್ಯೆ ಇಷ್ಟನ್ನು ಒಂದೇ ಸಾಲಿನಲ್ಲಿ ಹೊಂದಿಸಿದ ಸಮನ್ವಯ ಸೂಚಿಯೊಂದು ಬೇಕು. ಮೂರೇ ತಾಲ್ಲೂಕುಗಳಾದುದರಿಂದ ಒಬ್ಬಿಬ್ಬರು ಕೆಲವು ತಿಂಗಳಲ್ಲಿ ಮುಗಿಸಬಹುದಾದ ಕೆಲಸವಿದು. ಸಿದ್ಧವಾದುದನ್ನು ಕಾಗದದ ಮೇಲೆ ಮುದ್ರಿಸಿ, ಅಂತರ್ಜಾಲದಲ್ಲಿಯೂ ಎರಡು ಬೇರೆ ಬೇರೆ ಸಂಚಯಗಳಲ್ಲಿ ಇರಿಸಬೇಕು. ಅಂತರ್ಜಾಲದ ಪ್ರತಿಯನ್ನು ಉಲ್ಲೇಖಿಸುವವರು ಮುದ್ರಿತ ಸಂಪುಟದ ಪುಟಸಂಖ್ಯೆಯನ್ನೂ, ಆ ಪ್ರತಿಯನ್ನು ನೋಡಿದ ದಿನಾಂಕವನ್ನೂ, ಛಾಯಾಪ್ರತಿಯಲ್ಲಿ ಬಿಟ್ಟುಹೋದ ಪುಟಗಳಿದ್ದರೆ ಅವುಗಳ ಸಂಖ್ಯೆಯನ್ನೂ ತಪ್ಪದೆ ಬರೆಯಬೇಕು. ರೈಸರ ಸಂಪುಟಗಳಲ್ಲಿ ಕನ್ನಡ ಪಾಠ, ರೋಮನ್ ಲಿಪ್ಯಂತರ, ಆಂಗ್ಲಾನುವಾದಗಳಿಗೆ ಬೇರೆ ಬೇರೆ ಪುಟಸಂಖ್ಯೆಗಳಿರುವುದರಿಂದ ಯಾವ ಭಾಗದ ಪುಟವೆಂಬುದನ್ನು ಸೂಚಿಸದಿದ್ದರೆ ಉಲ್ಲೇಖವು ನಿರುಪಯುಕ್ತ.