ನಿಮಗಿದು ಗೊತ್ತೆ?
ಫುಟ್‌ಬಾಲ್ ಅಂಕಣದ ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್ ಇರಬೇಕೆನ್ನುವ ಆಟದ ನಿಯಮ, ಗ್ಯಾಲರಿಯ ಮಾತೇ ಎತ್ತುವುದಿಲ್ಲ! ಆಟಕ್ಕೆ ಬೇಕಿರುವುದು ನೀರು ನಿಲ್ಲದ ಅಂಕಣ. ಉತ್ತರ ಕನ್ನಡ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ; ಬಹುಪಾಲು ಸುರಿಯುವುದು ಜೂನ್–ಸೆಪ್ಟೆಂಬರ್ ನಡುವೆ. ಹಾಗಾಗಿ ಇಲ್ಲಿನ ಸಣ್ಣ ಕ್ಲಬ್ಬು ಮೈದಾನ ಸುಧಾರಿಸಹೊರಟರೆ ಮೊದಲು ಚರಂಡಿ, ಆಮೇಲೆ ಹುಲ್ಲು, ಕುರ್ಚಿ ಕೊನೆಗೆ. ಅಂಕಣದ ನಡುವನ್ನು ತುಸು ಉಬ್ಬಿಸಿ ಅಂಚಿಗೆ ಇಳಿಜಾರು ಕೊಟ್ಟರೆ ನೀರು ನಿಲ್ಲದು. ಪ್ರೇಕ್ಷಕರು ಬೆರಳೆಣಿಕೆಯಷ್ಟೇ ಎಂದು ಮೂಗು ಮುರಿಯಬೇಡಿ; ನಮ್ಮ ರಾಜ್ಯದ ಫುಟ್‌ಬಾಲ್‌ಗೆ ಹೆಮ್ಮೆಯ ಇತಿಹಾಸವಿದೆ. ಮುಂಬೈನ ಪ್ರತಿಷ್ಠಿತ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲು ಗೆದ್ದ ಭಾರತೀಯ ತಂಡ ನಮ್ಮದೇ ಬೆಂಗಳೂರು ಮುಸ್ಲಿಮ್ಸ್. ಕರ್ನಾಟಕ 54 ವರ್ಷಗಳ ಬಳಿಕ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಎತ್ತಿದ್ದು 2023ರ ಮಾರ್ಚ್‌ನಲ್ಲಿ, ಅದೂ ಸೌದಿಯ ರಿಯಾದ್‌ನಲ್ಲಿ. ಫೈನಲ್‌ನಲ್ಲಿ ಮೇಘಾಲಯ 3–2ರಿಂದ ಸೋತಿತು.