ಥ್ರೆಡ್ ಹೇಳಿ, ಉದ್ದ ಹೇಳಿ, ತಲೆ ಹೇಳಿ

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ನಿಂತು, "ಆರ್‌ಎಕ್ಸ್ 100 ಕ್ಲಚ್ ಕವರಿನ ಸ್ಕ್ರೂ ಕೊಡಿ" ಎಂದು ಕೇಳಿದೆ. ಅಂಗಡಿಯವರು ತೂಕ ಹಾಕುತ್ತಿದ್ದ ನಟ್ಟುಗಳಿಂದ ಕಣ್ಣು ತೆಗೆಯದೆ, "ಗಾಡಿ ಹೆಸರು ಬೇಡ ಸಾರ್. ಥ್ರೆಡ್ ಹೇಳಿ, ಉದ್ದ ಹೇಳಿ, ತಲೆ ಹೇಳಿ" ಎಂದರು. ಮೂರರಲ್ಲಿ ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಬರಿಗೈಲಿ ವಾಪಸ್ ಬಂದೆ. ಈ ಅಧ್ಯಾಯದಲ್ಲಿ ಅವರ ಆ ಮೂರು ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹುಡುಕೋಣ.

ಯಮಹಾ ಆರ್‌ಎಕ್ಸ್ 100 ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಅಂದರೆ ರಸ್ತೆಯಲ್ಲಿರುವ ಗಾಡಿಗಳಲ್ಲಿ ತೀರಾ ಕಿರಿಯದಕ್ಕೂ ಹತ್ತಿರ ಹತ್ತಿರ ಮೂವತ್ತು ವರ್ಷ. ಇಷ್ಟು ವರ್ಷಗಳಲ್ಲಿ ಅದರ ಕವರನ್ನು ಎಷ್ಟು ಕೈಗಳು ಬಿಚ್ಚಿವೆಯೋ, ಯಾವ ಡಬ್ಬಿಯಲ್ಲಿ ಸಿಕ್ಕ ಯಾವ ಸ್ಕ್ರೂ ಯಾವ ರಂಧ್ರ ಸೇರಿದೆಯೋ! ಹೀಗಾಗಿ ಈಗ ಅದರಲ್ಲಿರುವ ಸ್ಕ್ರೂವನ್ನೇ ಮಾದರಿಯಾಗಿ ಒಯ್ದರೆ, ಹಿಂದಿನವರ ತಪ್ಪನ್ನೇ ಹೊಸದಾಗಿ ಕೊಂಡು ತಂದ ಹಾಗಾಗಬಹುದು. ಅಳತೆಯನ್ನು ರಂಧ್ರದಿಂದಲೇ ತೆಗೆಯಬೇಕು.

ಬಿಚ್ಚುವ ಮುನ್ನ ಒಂದು ರಟ್ಟು

ಕವರಿನ ಆಕಾರವನ್ನು ರಟ್ಟಿನ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳಿ. ಎಲ್ಲೆಲ್ಲಿ ಸ್ಕ್ರೂ ಇದೆಯೋ ಅಲ್ಲಲ್ಲಿ ತೂತು ಮಾಡಿ. ಒಂದೊಂದೇ ಸ್ಕ್ರೂ ಕಳಚಿದಂತೆ ಅದೇ ಜಾಗದ ತೂತಿಗೆ ಚುಚ್ಚಿ. ಒಂದೇ ಕವರಿನಲ್ಲಿ ಗಿಡ್ಡ ಸ್ಕ್ರೂಗಳೂ ಉದ್ದನೆಯವೂ ಬೆರೆತಿರುತ್ತವೆ, ಏಕೆಂದರೆ ಕವರಿನ ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಯಾವುದಾದರೂ ಸ್ಕ್ರೂವಿನ ತಲೆಯಡಿ ತಾಮ್ರದ ವಾಷರ್ ಇದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಆ ರಂಧ್ರದ ಮೂಲಕ ಆಯಿಲ್ ಹೊರಬರದಂತೆ ತಡೆಯಲು ಅದನ್ನು ಇಟ್ಟಿರುತ್ತಾರೆ.

ಥ್ರೆಡ್

ಜಪಾನಿ ಮೂಲದ ಗಾಡಿಗಳ ಎಂಜಿನ್ ಕವರಿನಲ್ಲಿ ಸಾಮಾನ್ಯವಾಗಿ ಕಾಣುವುದು ಎಂ6. ಹೊರವ್ಯಾಸ 6 ಮಿ.ಮೀ., ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ 1 ಮಿ.ಮೀ. ಈ ಅಂತರಕ್ಕೆ ಪಿಚ್ ಎನ್ನುತ್ತಾರೆ. ಪಿಚ್ ಗೇಜ್ ಇಲ್ಲದಿದ್ದರೂ ಚಿಂತೆಯಿಲ್ಲ. ಸ್ಕೇಲಿನ ಮೇಲಿಟ್ಟು ಹತ್ತು ಸುತ್ತು ಎಣಿಸಿ. ಅಷ್ಟು ಉದ್ದ ಸರಿಯಾಗಿ 10 ಮಿ.ಮೀ. ಬಂದರೆ ಪಿಚ್ 1.

ಆದರೆ ಈ ಲೆಕ್ಕ ಎಲ್ಲ ಗಾಡಿಗೂ ಹೊಂದುವುದಿಲ್ಲ. ಬ್ರಿಟಿಷ್ ಮೂಲದ ಹಳೆಯ ಬುಲೆಟ್‌ಗಳಲ್ಲಿ ಇಂಚಿನ ಥ್ರೆಡ್ ಇರುತ್ತದೆ. ಕಾಲು ಇಂಚಿನ ಬಿಎಸ್‌ಎಫ್ ಸ್ಕ್ರೂವಿಗೆ ಇಂಚಿಗೆ 26 ಸುತ್ತು. ಮಿಲಿಮೀಟರಿಗೆ ತಿರುಗಿಸಿದರೆ ಪಿಚ್ ಸುಮಾರು 0.98! ಬರಿಗಣ್ಣಿಗೆ ಎಂ6ಕ್ಕೂ ಇದಕ್ಕೂ ವ್ಯತ್ಯಾಸವೇ ತಿಳಿಯದು. ಆದರೆ ಅದರ ವ್ಯಾಸ 6.35 ಮಿ.ಮೀ. ಆ ರಂಧ್ರಕ್ಕೆ ಎಂ6 ಹಾಕಿದರೆ ಸಲೀಸಾಗಿ ಇಳಿದು, ಒಳಗೆ ಅಲ್ಲಾಡುತ್ತದೆ. ಬಿಗಿ ಮಾಡಲು ಹೋದರೆ ಥ್ರೆಡ್ಡನ್ನು ತುರಿದು ಹಾಕುತ್ತದೆ. ಆದ್ದರಿಂದ ಪಿಚ್ ಒಂದನ್ನೇ ನಂಬದೆ ವ್ಯಾಸವನ್ನೂ ವರ್ನಿಯರ್‌ನಲ್ಲಿ ನೋಡಿ. ಸರಿಯಾದ ಸ್ಕ್ರೂ ಕೈಬೆರಳಲ್ಲೇ ಕೊನೆಯವರೆಗೂ ಇಳಿಯಬೇಕು, ಇಳಿದ ಮೇಲೆ ಅಲ್ಲಾಡಬಾರದು.

ಉದ್ದ

ನನ್ನ ಗಾಡಿಯ ಕವರಿನ ಕೆಳಮೂಲೆಯಲ್ಲಿ ಸದಾ ಆಯಿಲ್ ಜಿನುಗುತ್ತಿತ್ತು. ಎರಡು ಸಲ ಪ್ಯಾಕಿಂಗ್ ಬದಲಾಯಿಸಿದರೂ ನಿಲ್ಲಲಿಲ್ಲ. ಕೊನೆಗೆ ಸ್ಕ್ರೂಗಳನ್ನು ರಟ್ಟಿನಲ್ಲಿ ಸಾಲಾಗಿ ಚುಚ್ಚಿಟ್ಟಾಗ ಕಳ್ಳ ಸಿಕ್ಕಿಬಿದ್ದ. ಆ ಮೂಲೆಯದು ಅಕ್ಕಪಕ್ಕದವುಗಳಿಗಿಂತ ಗಿಡ್ಡ. ಯಾರೋ ಹಿಂದೆ ಕೈಗೆ ಸಿಕ್ಕಿದ್ದನ್ನು ಹಾಕಿದ್ದರು. ಕೇಸಿನೊಳಗೆ ಅದು ಹಿಡಿದಿದ್ದು ಮೂರೇ ಸುತ್ತು, ಆ ಮೂರೂ ಸವೆದು ಹೋಗಿದ್ದವು.

ಎಂಜಿನ್ ಕೇಸು ಅಲ್ಯೂಮಿನಿಯಂ, ಸ್ಕ್ರೂ ಉಕ್ಕು. ಇಬ್ಬರ ಜಗಳದಲ್ಲಿ ಸೋಲುವುದು ಯಾವಾಗಲೂ ಅಲ್ಯೂಮಿನಿಯಂ. ಆದ್ದರಿಂದ ಸ್ಕ್ರೂ ತನ್ನ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳಕ್ಕೆ ಥ್ರೆಡ್ ಹಿಡಿದಿರಬೇಕು. ಎಂ6 ಆದರೆ 9ರಿಂದ 12 ಮಿ.ಮೀ.

ಅಳೆಯುವುದು ಸುಲಭ. ಕವರನ್ನು ಜಾಗದಲ್ಲಿ ಕೂರಿಸಿ, ರಂಧ್ರದ ತಳಕ್ಕೆ ತಾಗುವವರೆಗೆ ಪೊರಕೆಕಡ್ಡಿ ಇಳಿಬಿಡಿ. ಸ್ಕ್ರೂವಿನ ತಲೆ ಕೂರುವ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ. ಕಡ್ಡಿ 28 ಮಿ.ಮೀ. ತೋರಿಸಿದರೆ 25 ಮಿ.ಮೀ. ಸ್ಕ್ರೂ ಕೊಳ್ಳಿ. ಅದಕ್ಕಿಂತ ಉದ್ದನೆಯದು ತಳಕ್ಕೆ ಗುದ್ದುತ್ತದೆ. ಕೈಗೆ ಬಿಗಿಯಾದಂತೆ ಅನ್ನಿಸಿದರೂ ಕವರ್ ಸಡಿಲವಾಗಿಯೇ ಉಳಿಯುತ್ತದೆ, ಇನ್ನೂ ತಿರುಗಿಸಿದರೆ ಕೇಸು ಸೀಳುತ್ತದೆ. ತಳದಲ್ಲಿ ಆಯಿಲ್ ನಿಂತಿದ್ದರೂ ಇದೇ ಅಪಾಯ. ದ್ರವ ಒತ್ತಿದರೆ ಕುಗ್ಗುವುದಿಲ್ಲ. ಮೊದಲು ಬಟ್ಟೆಬತ್ತಿಯಿಂದ ಒರೆಸಿ ಒಣಗಿಸಿ.

ಅಂಗಡಿಯಲ್ಲಿ ಉದ್ದ ಎಂದರೆ ತಲೆಯ ಕೆಳಗಿನಿಂದ ತುದಿಯವರೆಗೆ. ಮೇಲ್ಮೈಗೆ ಸಮನಾಗಿ ಇಳಿದು ಕೂರುವ ಸಿಎಸ್‌ಕೆ ಸ್ಕ್ರೂವಿಗೆ ಮಾತ್ರ ತಲೆಯನ್ನೂ ಸೇರಿಸಿ ಅಳೆಯುತ್ತಾರೆ.

ಪಾರ್ಟ್ ನಂಬರ್ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಹೋಂಡಾದ 95701-06025-00 ಎಂಬ ಬೋಲ್ಟಿನ ನಡುವಿನ ಐದು ಅಂಕಿ ನೋಡಿ: 06 ಎಂದರೆ 6 ಮಿ.ಮೀ. ದಪ್ಪ, 025 ಎಂದರೆ 25 ಮಿ.ಮೀ. ಉದ್ದ. ಯಮಹಾದ ಸಾಮಾನ್ಯ ಸ್ಕ್ರೂಗಳ ನಂಬರಿನಲ್ಲೂ ಅಳತೆ ಹೀಗೆಯೇ ಅಡಗಿರುತ್ತದೆ.

ತಲೆ

ಹಳೆಯ ಜಪಾನಿ ಗಾಡಿಗಳ ಪ್ಲಸ್ ಸ್ಕ್ರೂಗಳ ತಲೆ ಸವೆದು ಬಟ್ಟಲಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ದೋಷ ಸ್ಕ್ರೂವಿನದಲ್ಲ. ಅದರ ಸೀಳು ಜಪಾನಿನ ಜೆಐಎಸ್ ಮಾನದಂಡದ್ದು. ನಮ್ಮ ಪೆಟ್ಟಿಗೆಯಲ್ಲಿರುವುದು ಸಾಮಾನ್ಯವಾಗಿ ಫಿಲಿಪ್ಸ್ ಸ್ಕ್ರೂಡ್ರೈವರ್. ಅದರ ತುದಿ ಈ ಸೀಳಿನ ಆಳಕ್ಕೆ ಪೂರ್ತಿ ಕೂರದೆ, ಬಲ ಹಾಕಿದೊಡನೆ ಮೇಲಕ್ಕೆ ಹತ್ತಿ ಜಾರುತ್ತದೆ. ತಲೆಯ ಮೇಲೆ ಚಿಕ್ಕ ಚುಕ್ಕೆ ಇದ್ದರೆ ಅದು ಜೆಐಎಸ್ ಎಂದು ತಿಳಿಯಿರಿ. ಎಂ6ಕ್ಕೆ ಬೇಕಾದದ್ದು 3ನೇ ನಂಬರಿನ ತುದಿ. ಮನೆಮನೆಯಲ್ಲಿರುವ 2ನೇ ನಂಬರು ಅದಕ್ಕೆ ಚಿಕ್ಕದು.

ಬಿಚ್ಚುವಾಗ ಸ್ಕ್ರೂಡ್ರೈವರನ್ನು ನೆಟ್ಟಗೆ ಇಟ್ಟು ಹಿಂಬದಿಗೆ ಸುತ್ತಿಗೆಯಿಂದ ಒಂದು ಏಟು ಕೊಡಿ. ಕಚ್ಚಿಕೊಂಡ ಥ್ರೆಡ್ ಬಿಡುತ್ತದೆ. ಅದಕ್ಕೂ ಬಗ್ಗದಿದ್ದರೆ, ಸುತ್ತಿಗೆಯೇಟನ್ನು ತಿರುಗುವ ಬಲವಾಗಿಸುವ ಇಂಪ್ಯಾಕ್ಟ್ ಡ್ರೈವರ್ ಬಳಸಿ.

ಬದಲಿಗೆ ಅಲೆನ್ ಬೋಲ್ಟ್ ಹಾಕುವವರೇ ಹೆಚ್ಚು. ಎಂ6 ಅಲೆನ್ ಬೋಲ್ಟಿನ ತಲೆ 10 ಮಿ.ಮೀ. ಅಗಲ, 6 ಮಿ.ಮೀ. ಎತ್ತರ, ತಿರುಗಿಸಲು 5ನೇ ನಂಬರಿನ ಕೀ. ತಲೆ ಸವೆಯುವುದಿಲ್ಲ, ನೋಡಲೂ ಚೆಂದ. ಆದರೆ ಪ್ಲಸ್ ಸ್ಕ್ರೂ ಅತಿಯಾಗಿ ತಿರುಗಿಸಿದರೆ ಜಾರಿ ಎಚ್ಚರಿಸುತ್ತಿತ್ತು. ಅಲೆನ್ ಕೀ ಜಾರುವುದಿಲ್ಲ, ಕೇಸಿನ ಥ್ರೆಡ್ ಕಿತ್ತು ಬರುವವರೆಗೂ ತಿರುಗುತ್ತದೆ. ಈ ಎಂ6ಗೆ ಬೇಕಾದ ಬಿಗಿ 8ರಿಂದ 10 ನ್ಯೂಟನ್ ಮೀಟರ್ ಅಷ್ಟೆ. ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಒಂದು ಕೆ.ಜಿ. ತೂಗಿಬಿಟ್ಟಷ್ಟು. ಟಾರ್ಕ್ ರೆಂಚ್ ಇಲ್ಲದವರು ಅಲೆನ್ ಕೀಯ ಗಿಡ್ಡ ತೋಳನ್ನು ಹಿಡಿದು ತಿರುಗಿಸಲಿ.

ಸ್ಟೇನ್‌ಲೆಸ್ ಉಕ್ಕಿನದು ತುಕ್ಕು ಹಿಡಿಯದು ನಿಜ. ಆದರೆ ತೇವ ಸೇರಿದಾಗ ಅದರ ಪಕ್ಕದ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆದು ಸ್ಕ್ರೂವನ್ನು ಕಚ್ಚಿಕೊಳ್ಳುತ್ತದೆ. ಕಡಲ ಗಾಳಿಯ ಮಂಗಳೂರು, ಕಾರವಾರದ ಕಡೆಯವರು ಥ್ರೆಡ್ಡಿಗೆ ತೆಳುವಾಗಿ ತಾಮ್ರದ ಗ್ರೀಸ್ ಸವರಿಯೇ ಹಾಕಬೇಕು. ಹೀಗೆ ಸವರಿದಾಗ ಬಿಗಿಯನ್ನೂ ತುಸು ಕಡಿಮೆ ಮಾಡಿ.

ಥ್ರೆಡ್ ಹೋಗಿದ್ದರೆ

ನನ್ನ ಗಾಡಿಯ ಕೆಳಮೂಲೆಯಲ್ಲಿ ಸವೆದದ್ದು ಮೇಲಿನ ಮೂರೇ ಸುತ್ತು. ಅದರಡಿ ಯಾರೂ ಮುಟ್ಟದ ಥ್ರೆಡ್ ಇನ್ನೂ ಹೊಸದರಂತಿತ್ತು. ಕಡ್ಡಿ ಹೇಳಿದ ಉದ್ದದ ಸ್ಕ್ರೂ ಹಾಕಿದೆ, ಜಿನುಗುವುದು ನಿಂತಿತು. ಎಲ್ಲ ಸುತ್ತೂ ಹೋಗಿದ್ದರೆ ಹೆಲಿಕಾಯಿಲ್ ಹಾಕಿಸಬೇಕು. ರಂಧ್ರವನ್ನು ತುಸು ದೊಡ್ಡದು ಮಾಡಿ, ಹೊಸ ಟ್ಯಾಪ್ ಹೊಡೆದು, ಸ್ಪ್ರಿಂಗಿನಂಥ ಉಕ್ಕಿನ ಸುರುಳಿ ಕೂರಿಸುತ್ತಾರೆ. ಆಮೇಲೆ ಮತ್ತೆ ಅದೇ ಎಂ6 ಸ್ಕ್ರೂ ಸಾಕು.

ಕೊನೆಯಲ್ಲಿ ಎಲ್ಲ ಸ್ಕ್ರೂಗಳನ್ನೂ ತಿರುಗಿಸದೆ ಅವುಗಳ ರಂಧ್ರಗಳಲ್ಲಿ ಇಳಿಬಿಡಿ. ತಲೆಗಳೆಲ್ಲ ಕವರಿನಿಂದ ಒಂದೇ ಎತ್ತರಕ್ಕೆ ನಿಂತಿವೆಯೇ ನೋಡಿ; ಒಂದು ಎತ್ತರ ಒಂದು ತಗ್ಗಾಗಿದ್ದರೆ ಜಾಗ ಅದಲುಬದಲಾಗಿದೆ. ಆಮೇಲೆ ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ಇಳಿಸಿ, ಎದುರುಬದುರು ಮೂಲೆಗಳಿಂದ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ.

ರಟ್ಟನ್ನು ಮಾತ್ರ ಎಸೆಯಬೇಡಿ. ಒಂದೊಂದು ತೂತಿನ ಪಕ್ಕದಲ್ಲೂ ಉದ್ದ ಬರೆದು ಆರ್‌ಸಿ ಜೊತೆಗಿಡಿ. ನಾಳೆ ಗಾಡಿ ಕೈ ಬದಲಾದರೆ ಕೊಂಡವರಿಗೆ ಅದನ್ನೂ ಕೊಡಿ. ಅಂಗಡಿಯವರು ಕೇಳುವ ಮೂರು ಪ್ರಶ್ನೆಗೆ ಅವರ ಬಳಿ ಉತ್ತರವಿರಲಿ.