ಅರವತ್ತೈದು ಬಾಗಿಲುಗಳು

ದಸರೆಯ ದೀಪಾಲಂಕಾರವನ್ನು ಕಣ್ತುಂಬ ನೋಡಿ ಊರಿಗೆ ಮರಳುವ ಪ್ರವಾಸಿಗನ ಮನಸ್ಸಿನಲ್ಲಿ ಉಳಿಯುವ ಮೈಸೂರು, ಅಗಲವಾದ ಬೀದಿಗಳ ಅಚ್ಚುಕಟ್ಟಾದ ನಗರ. ಈ ಅಚ್ಚುಕಟ್ಟು ತಾನಾಗಿ ಬಂದುದಲ್ಲ. 1898ರಲ್ಲಿ ಪ್ಲೇಗು ಮಾರಿ ನಗರವನ್ನು ಹೊಕ್ಕು, ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳನ್ನು ಕಾಡಿತು. ಆ ಪೆಟ್ಟು ಮಾಸುವ ಮೊದಲೇ, 1903ರಲ್ಲಿ, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪಿತವಾಯಿತು. ಭಾರತದಲ್ಲಿ ಇಂಥ ಸಂಸ್ಥೆಗಳ ಪೈಕಿ ಅದು ತೀರ ಮೊದಲಿನವುಗಳಲ್ಲೊಂದು. ಚರಂಡಿಗಳಾದವು, ಹೊಸ ಬಡಾವಣೆಗಳಾದವು. ಕೆಲಸವೇನೋ ದೊಡ್ಡದೇ; ಆದರೆ ಅದು ಮೇಲಿನಿಂದ ಇಳಿದು ಬಂದ ಉಪಕಾರ. ನಲ್ಲಿ ಯಾವ ಮೂಲೆಗೆ ಬರಬೇಕೆಂದು ಕೇರಿಯವರನ್ನು ಕೇಳಲೇಬೇಕೆಂಬ ಕಟ್ಟಳೆಯಿರಲಿಲ್ಲ.

ಕೇಳಬೇಕೆಂದು ವಿಧಿಸಿದುದು ಸಂವಿಧಾನದ 74ನೆಯ ತಿದ್ದುಪಡಿ. 1993ರ ಜೂನ್ 1ರಂದು ಜಾರಿಗೆ ಬಂದ ಈ ತಿದ್ದುಪಡಿಯು ನಗರಸಂಸ್ಥೆಗಳಿಗೆ ಐದು ವರ್ಷಗಳ ಅವಧಿಯನ್ನು ಗೊತ್ತುಮಾಡಿ, ಅದು ತೀರುವುದರೊಳಗೆ ಚುನಾವಣೆ ಮುಗಿದಿರಬೇಕೆಂದು ಸ್ಪಷ್ಟವಾಗಿ ನುಡಿಯಿತು. ಪರಿಶಿಷ್ಟರಿಗೂ ಮಹಿಳೆಯರಿಗೂ ಸ್ಥಾನಗಳನ್ನು ಮೀಸಲಿಟ್ಟಿತು. ಅದರೊಡನೆ ಬಂದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ನೀರು, ನೈರ್ಮಲ್ಯ, ಬೀದಿದೀಪಗಳ ಜೊತೆಗೆ ಕೊಳಚೆ ಪ್ರದೇಶಗಳ ಸುಧಾರಣೆ, ನಗರದ ಬಡತನದ ನಿವಾರಣೆ ಇವೂ ಸೇರಿವೆ.

ಮೈಸೂರು ಮಹಾನಗರಪಾಲಿಕೆಗೆ 65 ವಾರ್ಡುಗಳು. 2018ರ ಆಗಸ್ಟಿನಲ್ಲಿ ಜನ ಮತ ಹಾಕಿ 65 ಮಂದಿಯನ್ನು ಆರಿಸಿದರು. ಆ ಸಭೆಯ ಅವಧಿ 2023ರ ನವೆಂಬರಿನಲ್ಲಿ ತೀರಿತು. ಅಷ್ಟರಲ್ಲಿ ಚುನಾವಣೆ ನಡೆದಿರಲಿಲ್ಲ. ಅಧಿಕಾರವು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಸೇರಿತು.

ಇದರಿಂದ ಉಳ್ಳವನಿಗೆ ಆಗುವ ನಷ್ಟ ಅಲ್ಪ. ನೀರು ಬಾರದಿದ್ದರೆ ಅವನ ಅಂಗಳದಲ್ಲಿ ಕೊಳವೆಬಾವಿಯಿದೆ; ಇಲ್ಲವಾದರೆ ಟ್ಯಾಂಕರು ತರಿಸಿಯಾನು. ಕೇಸರೆಯಲ್ಲೋ ಕ್ಯಾತಮಾರನಹಳ್ಳಿಯಲ್ಲೋ ವಾಸಿಸುವ ಕೂಲಿಯ ಹೆಂಗಸಿನ ಮಾತು ಬೇರೆ. ಕಚೇರಿಗೆ ಹೋಗಬೇಕಾದರೆ ಅವಳಿಗೆ ಒಂದು ದಿನದ ಕೂಲಿ ಖೋತಾ. ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬಾಮ್ಮ’ ಎಂದರೆ ಎರಡು ದಿನದ ಕೂಲಿ. ವಾರ್ಡಿನ ಸದಸ್ಯನಾದರೆ ಕೇರಿಯ ತಿರುವಿನಲ್ಲೇ ಸಿಕ್ಕುತ್ತಾನೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅವನ ಮನೆಯ ಮುಂದೆ ನಿಂತು ಗಟ್ಟಿಯಾಗಿ ಕೂಗಬಹುದು. ಸದಸ್ಯರೆಲ್ಲ ಸತ್ಯಹರಿಶ್ಚಂದ್ರರೆಂದು ಯಾರೂ ಹೇಳಲಾರರು. ಕಂಟ್ರಾಕ್ಟುದಾರರ ಕಡೆಗೇ ಕಿವಿಯಿಟ್ಟವರೂ ಉಂಟು. ಆದರೂ ಮುಂದಿನ ಚುನಾವಣೆಯ ಹೆದರಿಕೆ ಅವರಿಗಿತ್ತು. ಆ ಹೆದರಿಕೆಯೇ ಬಡವರ ಬಂಡವಾಳ.

ಸಕಾಲ ಇದೆಯಲ್ಲ ಎನ್ನಬಹುದು. 2011ರ ಆ ಕಾಯಿದೆ ನಿಜಕ್ಕೂ ಒಳ್ಳೆಯದು: ಗೊತ್ತಾದ ದಿನದೊಳಗೆ ಸೇವೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರ ಪರಿಹಾರ ಕೇಳಬಹುದು. ಆದರೆ ಅದು ಒಬ್ಬೊಬ್ಬರ ಅರ್ಜಿಗೆ ಉತ್ತರ. ಈ ವರ್ಷದ ಹಣದಲ್ಲಿ ದೊಡ್ಡ ರಸ್ತೆಗೆ ಡಾಂಬರು ಮೊದಲೋ ಕೇರಿಗೆ ಚರಂಡಿ ಮೊದಲೋ ಎಂಬುದನ್ನು ಸಕಾಲದ ರಸೀದಿ ತೀರ್ಮಾನಿಸಲಾರದು. ಅದು ಸಭೆಯಲ್ಲಿ ಕುಳಿತು, ವಾದಿಸಿ, ಕೈಯೆತ್ತಿ ತೀರ್ಮಾನಿಸಬೇಕಾದ ವಿಷಯ.

ಕರ್ನಾಟಕದ ನಗರಪಾಲಿಕೆಗಳ ಕಾಯಿದೆಯಲ್ಲಿ ಇನ್ನೂ ಕೆಳಗಿನ ಮೆಟ್ಟಿಲೊಂದಿದೆ. ಪ್ರತಿ ವಾರ್ಡಿಗೂ ಒಂದು ಸಮಿತಿ. ಅದಕ್ಕೂ ಕೆಳಗೆ, ಮತಗಟ್ಟೆಯ ಅಳತೆಯಲ್ಲಿ, ಮತದಾರರೆಲ್ಲ ಸೇರುವ ಪ್ರದೇಶಸಭೆ. ಕಾಗದದ ಮೇಲೆ ಕೂಲಿಯವಳಿಗೂ ಅಲ್ಲಿ ಒಂದು ಕುರ್ಚಿಯುಂಟು. ಆದರೆ ವಾರ್ಡು ಸಮಿತಿಯ ಅಧ್ಯಕ್ಷರು ಆ ವಾರ್ಡಿನ ಸದಸ್ಯರೇ ಆಗಿರಬೇಕು. ಸದಸ್ಯರೇ ಇಲ್ಲದ ಮೇಲೆ ಅಧ್ಯಕ್ಷತೆ ವಹಿಸುವವರು ಯಾರು?